ಕೂಗಿ ಹೇಳಿದ ಮತ, ಊಟದ ಮೇಜಿನ ಮತ

ಅಮೆರಿಕದ ಪಡುವಣ ಕರಾವಳಿಯ ಆರೆಗನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ನಗರಕ್ಕೆ ತಾಗಿಕೊಂಡಂತೆ ವಾಷಿಂಗ್ಟನ್ ಎಂಬ ಹೆಸರಿನ ಕೌಂಟಿ, ಎಂದರೆ ನಮ್ಮ ಜಿಲ್ಲೆಯಂಥದ್ದು, ಇದೆ. ಇಂಟೆಲ್ ಕಂಪನಿಯ ದೆಸೆಯಿಂದ ಈಗ ಅಲ್ಲಿ ಕನ್ನಡದ ಮನೆಗಳು ಬೇಕಾದಷ್ಟಿವೆ. ನನ್ನ ಮಗಳ ಮನೆಯೂ ಅದರಲ್ಲೊಂದು. 1850ರ ದಶಕದಲ್ಲಿ ಇದೇ ಕೌಂಟಿಯಲ್ಲಿ ಮತ ಹಾಕುವುದೆಂದರೆ ಬಾಯಿಬಿಟ್ಟು ಹೇಳುವುದಾಗಿತ್ತು. ಮತದಾರ, ಎಂದರೆ ಬಿಳಿಯ ಗಂಡಸು, ಗುಮಾಸ್ತರ ಮುಂದೆ ನಿಂತು ಮೊದಲು ತನ್ನ ಹೆಸರು ಹೇಳಬೇಕು. ಆಮೇಲೆ ತನ್ನ ಮತ ಯಾರಿಗೆ ಎಂಬುದನ್ನು ಸುತ್ತ ನಿಂತವರಿಗೆ ಕೇಳುವಂತೆ ಹೇಳಬೇಕು. ಗುಮಾಸ್ತ ಅದನ್ನು ಅವನ ಹೆಸರಿನ ಮುಂದೆಯೇ ಬರೆದುಕೊಳ್ಳುತ್ತಿದ್ದ. ಆ ಪುಸ್ತಕಗಳು ಹಾಳಾಗದೆ ಉಳಿದಿವೆ. ಪಾಲ್ ಬೋರ್ಕ್ ಮತ್ತು ಡೊನಾಲ್ಡ್ ಡಿಬಾಟ್ಸ್ ಎಂಬ ಇಬ್ಬರು ಇತಿಹಾಸಕಾರರು ಅವನ್ನೇ ಮುಂದಿಟ್ಟುಕೊಂಡು ಈ ಕೌಂಟಿಯ ಮೇಲೊಂದು ಗ್ರಂಥ ಬರೆದಿದ್ದಾರೆ. ಯಾವ ರೈತ ಯಾರ ಕಡೆಗಿದ್ದ, ಅವನ ಪಕ್ಕದ ಜಮೀನಿನವನು ಯಾರ ಕಡೆಗಿದ್ದ ಎಂಬುದನ್ನು ನೂರೈವತ್ತು ವರ್ಷ ಕಳೆದ ಮೇಲೂ ಹೆಸರು ಹಿಡಿದು ಹೇಳಬಹುದು.

ನನ್ನಂಥವಳಿಗೆ ಇದನ್ನು ಓದಿದಾಗ ಮೈ ಉರಿಯಿತು. ನಾನು ತೀರ್ಥಹಳ್ಳಿ ಕಡೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ಸಮಾಜ ಪಾಠ ಹೇಳಿ ನಿವೃತ್ತಳಾದವಳು. ಚುನಾವಣೆ ಬಂತೆಂದರೆ ಡ್ಯೂಟಿ ಆರ್ಡರ್ ತಪ್ಪಿದ್ದಲ್ಲ. ಮಸ್ಟರಿಂಗ್ ದಿನ ತಾಲ್ಲೂಕು ಕೇಂದ್ರದಲ್ಲಿ ಮೈಸೂರು ಪೇಂಟ್ಸ್ ಕಾರ್ಖಾನೆಯ ಶಾಯಿ, ಅರಗು, ಲಕೋಟೆಗಳ ಕಟ್ಟು ಎಲ್ಲವನ್ನೂ ಎಣಿಸಿಕೊಂಡು ಬಸ್ಸು ಹತ್ತುವುದು, ಯಾವುದೋ ಊರಿನ ಶಾಲೆಯ ಕೋಣೆಯಲ್ಲಿ ರಟ್ಟಿನ ಮರೆ ನಿಲ್ಲಿಸುವುದು. "ಅವ್ಳಿಗೆ ಗೊತ್ತಾಗಲ್ಲ ಮೇಡಂ, ನಾನೇ ಹಾಕಿ ಬರ್ತೀನಿ" ಎಂದು ಹೆಂಡತಿಯ ಹಿಂದೆಯೇ ಮರೆಗೆ ನುಗ್ಗುವ ಗಂಡಂದಿರನ್ನು ತಡೆದು ನಿಲ್ಲಿಸುವುದೇ ನನ್ನ ಡ್ಯೂಟಿಯ ತಿರುಳು ಎಂದು ನಾನು ತಿಳಿದಿದ್ದೆ. ಆ ರಟ್ಟು ಇಲ್ಲದ ಚುನಾವಣೆಯನ್ನು ಚುನಾವಣೆ ಎಂದು ಕರೆಯಲು ನನಗೆ ನಾಲಗೆ ಬರುವುದಿಲ್ಲ.

ಕೂಗುವ ಪದ್ಧತಿ ಹಳೆಯ ಕಾಲದ ಮುಗ್ಧತೆಯಿಂದ ಬಂದದ್ದೇನೂ ಅಲ್ಲ. ಕ್ಯಾಥೊಲಿಕರನ್ನೂ ವಲಸಿಗರನ್ನೂ ದ್ವೇಷಿಸುವ 'ನೋ ನಥಿಂಗ್' ಎಂಬ ಗುಪ್ತ ಸಂಘ ಆಗ ಬೆಳೆಯುತ್ತಿತ್ತು. ಸೇಲಂ ಊರಿನ ಪತ್ರಿಕೆಯ ಸಂಪಾದಕ ಅಸಾಹೆಲ್ ಬುಷ್‌ನ ಗುಂಪಿನ ಕೈಯಲ್ಲಿದ್ದ ಡೆಮಾಕ್ರಟಿಕ್ ಪಕ್ಷ ಈ ಗುಪ್ತ ಸದಸ್ಯರನ್ನು ಬಯಲಿಗೆಳೆಯಲೆಂದು 1854ರಲ್ಲಿ ಬಾಯಿಮಾತಿನ ಮತದಾನದ ಕಾಯ್ದೆ ತಂದಿತು. ದ್ವೇಷದ ಸಂಘವನ್ನು ಹಣಿಯುವುದು ಒಳ್ಳೆಯ ಕೆಲಸವೇ. ಆದರೆ ಅದೇ ಏಟಿಗೆ ಸಾಲಗಾರ ಸಾಹುಕಾರನೆದುರು, ಆಳು ಒಡೆಯನೆದುರು ಬೆತ್ತಲಾದ. ಆ ಕಾಯ್ದೆ 1872ರವರೆಗೂ ಉಳಿಯಿತು.

ಆ ನಡುವೆ, 1857ರ ನವೆಂಬರಿನಲ್ಲಿ, ರಾಜ್ಯವಾಗಲು ಹೊರಟ ಆರೆಗನ್ನಿನ ಸಂವಿಧಾನವನ್ನು ಜನರ ಮುಂದಿಟ್ಟರು. ಜೊತೆಗೆ ಇನ್ನೆರಡು ಪ್ರಶ್ನೆಗಳಿದ್ದವು. ಗುಲಾಮಗಿರಿ ಬೇಕೆಂದವರು 2,645, ಬೇಡವೆಂದವರು 7,727. ಭೇಷ್ ಎನ್ನುವಷ್ಟರಲ್ಲಿ ಎರಡನೆಯ ಪ್ರಶ್ನೆ: ಸ್ವತಂತ್ರರಾದ ಕಪ್ಪು ಜನ ಈ ರಾಜ್ಯಕ್ಕೆ ಬರಬಹುದೇ? ಕೂಡದು ಎಂದವರು 8,640, ಬರಲಿ ಎಂದವರು 1,081. ಗುಲಾಮಗಿರಿಯೂ ಬೇಡ, ಗುಲಾಮರಾಗಿದ್ದವರೂ ಬೇಡ. ಈ ಕಲಮು ಸಂವಿಧಾನದಿಂದ ಕಿತ್ತುಹೋದದ್ದು 1926ರಲ್ಲಿ. ಕಪ್ಪು ಜನರಿಗೂ ಚೀನೀಯರಿಗೂ ಮತವಿಲ್ಲ ಎಂಬ ಕಲಮನ್ನು ಅದರ ಮರುವರ್ಷ ತೆಗೆದರು.

ಬಾಯಿಮಾತು ಹೋದ ಮೇಲೆ ಚೀಟಿ ಬಂತು. ಆದರೆ ಚೀಟಿ ಅಚ್ಚು ಹಾಕಿಸುತ್ತಿದ್ದವರು ಪಕ್ಷದವರೇ. ಅವರು ಕೊಟ್ಟದ್ದನ್ನು ಪೆಟ್ಟಿಗೆಗೆ ಹಾಕಿದರಾಯಿತು. ದುಡ್ಡು ಕೊಟ್ಟವನಿಗೆ ಕೊಟ್ಟ ದುಡ್ಡು ಸಾರ್ಥಕವಾಯಿತೋ ಇಲ್ಲವೋ ಎಂದು ನೋಡಿಕೊಳ್ಳುವುದು ಕಷ್ಟವಿರಲಿಲ್ಲ. ಎಲ್ಲ ಅಭ್ಯರ್ಥಿಗಳ ಹೆಸರೂ ಇರುವ, ಸರ್ಕಾರವೇ ಅಚ್ಚು ಹಾಕಿಸಿದ ಮತಪತ್ರ ಮತ್ತು ಅದನ್ನು ಗುರುತು ಮಾಡಲು ಒಂದು ಮರೆ, ಎರಡೂ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಕ್ರಮಗಳು, ಆರೆಗನ್ನಿಗೆ ಬಂದದ್ದು 1891ರಲ್ಲಿ.

ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಮನುಷ್ಯ ವಿಲಿಯಂ ಯೂರೆನ್. ಕಮ್ಮಾರನ ಮಗ, ತಾನೂ ಕಮ್ಮಾರಿಕೆ ಮಾಡಿ, ಕಾನೂನು ಓದಿ ವಕೀಲನಾದವನು. ಪೋರ್ಟ್‌ಲ್ಯಾಂಡಿನ ದಕ್ಷಿಣಕ್ಕಿರುವ ಮಿಲ್ವಾಕಿ ಎಂಬ ಊರಿನಲ್ಲಿ ಸೆತ್ ಲೂಯೆಲಿಂಗ್ ಎಂಬ ತೋಟಗಾರನ ಮನೆ ಸೇರಿಕೊಂಡ. ಅಂಗಡಿಗಳಲ್ಲಿ ಈಗ ನಾವು ಕೊಳ್ಳುವ ಕಪ್ಪುಗೆಂಪಿನ 'ಬಿಂಗ್' ಚೆರಿ ಈ ತೋಟದ್ದೇ ತಳಿ. ಅಲ್ಲಿ ಮೇಸ್ತ್ರಿಯಾಗಿದ್ದ ಆಹ್ ಬಿಂಗ್ ಎಂಬ ಚೀನೀಯನ ಹೆಸರನ್ನು ಅದಕ್ಕಿಟ್ಟರು. ಹಣ್ಣಿಗೆ ಅವನ ಹೆಸರು ಬಂತು, ಅವನಿಗೆ ಮತ ಬರಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಜನರೇ ನೇರವಾಗಿ ಕಾನೂನು ಮಾಡುವ ಕ್ರಮವಿದೆ ಎಂದು ವಿವರಿಸುವ, ಜೆ. ಡಬ್ಲ್ಯು. ಸಲ್ಲಿವನ್ ಬರೆದ ಪುಸ್ತಕವೊಂದು ಈ ಮನೆಯಲ್ಲಿ ಯೂರೆನ್‌ನ ಕೈಗೆ ಸಿಕ್ಕಿತು. ಅಲ್ಲಿಂದ ಮುಂದೆ ಅವನಿಗೆ ಅದೊಂದೇ ಧ್ಯಾನ.

ಅವನೇನು ಸಾಧುಸಂತನಲ್ಲ. ಆಗ ಅಮೆರಿಕದ ಸೆನೆಟರುಗಳನ್ನು ಆರಿಸುತ್ತಿದ್ದವರು ರಾಜ್ಯದ ಶಾಸಕರು. 1897ರಲ್ಲಿ ಸೆನೆಟರ್ ಜಾನ್ ಮಿಚೆಲ್‌ನನ್ನು ಮತ್ತೆ ಆರಿಸದಂತೆ ತಡೆಯಲು ಜೊನಾಥನ್ ಬೋರ್ನ್ ಎಂಬ ಹಣವಂತ ರಾಜಕಾರಣಿ ಕೆಳಮನೆ ಸೇರದಂತೆಯೇ ನೋಡಿಕೊಂಡ. ಅಧಿವೇಶನದ ಅವಧಿ ಪೂರ್ತಿ ಕಳೆದರೂ ಸದನ ಕಾನೂನುಬದ್ಧವಾಗಿ ಕೂರಲೇ ಇಲ್ಲ. ಈ ಆಟದಲ್ಲಿ ಶಾಸಕ ಯೂರೆನ್ ಬೋರ್ನ್ ಕಡೆಗಿದ್ದ. ಪ್ರತಿಯಾಗಿ ಅವನು ಬಯಸಿದ್ದು ತನ್ನ ಸ್ವಿಸ್ ಕನಸಿಗೆ ಬೆಂಬಲ. ರೆಸಾರ್ಟ್ ರಾಜಕಾರಣ ಕಂಡ ನಮಗೆ ಇದು ಹೊಸದೇನಲ್ಲ. ವ್ಯತ್ಯಾಸವೆಂದರೆ ಈ ಕೊಡುಕೊಳ್ಳುವಿಕೆಯಿಂದ ಯೂರೆನ್ ತನಗೆಂದು ಕುರ್ಚಿ ಕೇಳಲಿಲ್ಲ. 1902ರ ಜೂನಿನಲ್ಲಿ ಪ್ರಶ್ನೆ ಜನರ ಮುಂದೆ ಬಂತು: ನಿಗದಿತ ಸಂಖ್ಯೆಯ ಸಹಿ ಸಂಗ್ರಹಿಸಿದರೆ ಯಾರು ಬೇಕಾದರೂ ಮಸೂದೆಯೊಂದನ್ನು ಮತಪತ್ರಕ್ಕೆ ತರಬಹುದೇ? ಶಾಸಕರು ಮಾಡಿದ ಕಾನೂನನ್ನು ಜನ ಮತ ಹಾಕಿ ತಳ್ಳಬಹುದೇ? ಪರ 62,024, ವಿರುದ್ಧ 5,668. 1904ರಲ್ಲಿ ಪಕ್ಷದ ಅಭ್ಯರ್ಥಿಯನ್ನು ಜನರೇ ಆರಿಸುವ ಪ್ರೈಮರಿ ಬಂತು. 1908ರಲ್ಲಿ, ಆರಿಸಿದವನನ್ನು ಅವಧಿಗೆ ಮುಂಚೆಯೇ ವಾಪಸು ಕರೆಸುವ ಹಕ್ಕು. ಸೆನೆಟರ್ ವಿಷಯದಲ್ಲೂ ಅವನು ಬಿಡಲಿಲ್ಲ: ಜನರ ಮತದಲ್ಲಿ ಗೆದ್ದವನನ್ನೇ ಆರಿಸುತ್ತೇನೆ ಎಂದು ಶಾಸನಸಭೆಯ ಅಭ್ಯರ್ಥಿಗಳಿಂದ ಮೊದಲೇ ಬರೆಸಿಕೊಳ್ಳುವ ಏರ್ಪಾಡು ಮಾಡಿದ. ಅದರ ಬಿಸಿ ಹೇಗಿತ್ತೆಂದರೆ, ರಿಪಬ್ಲಿಕನ್ನರೇ ತುಂಬಿದ್ದ ಸದನ ಡೆಮಾಕ್ರಟ್ ಪಕ್ಷದ ಜಾರ್ಜ್ ಚೇಂಬರ್ಲೇನ್‌ನನ್ನು ಸೆನೆಟ್ಟಿಗೆ ಕಳುಹಿಸಬೇಕಾಯಿತು. ದೇಶಕ್ಕೆಲ್ಲ ಈ ನಿಯಮ ಬಂದದ್ದು 1913ರಲ್ಲಿ. ತಾನೇ ಗವರ್ನರ್ ಸ್ಥಾನಕ್ಕೆ 1914ರಲ್ಲಿ ನಿಂತಾಗ ಯೂರೆನ್ ಸೋತ. ತಮಗೆ ದಾರಿ ತೋರಿಸಿಕೊಟ್ಟವನನ್ನು ಜನ ಆರಿಸಲಿಲ್ಲ.

ಬಾಗಿಲು ತೆರೆದದ್ದೇ ತಡ, ಪ್ರಶ್ನೆಗಳ ಜಾತ್ರೆ. 1912ರ ಮತಪತ್ರದಲ್ಲಿ 37 ಪ್ರಸ್ತಾವಗಳು. ಅವುಗಳಲ್ಲೊಂದು ಹೆಂಗಸರ ಮತದ ಹಕ್ಕು.

ಅಬಿಗೇಲ್ ಸ್ಕಾಟ್ ಡನಿವೇ ಎಂಬ ಹೆಂಗಸಿನ ಬದುಕಿನ ಅರ್ಧಕ್ಕೂ ಹೆಚ್ಚು ಪಾಲು ಆ ಒಂದು ಪ್ರಶ್ನೆಗೆ ಸಂದಿತ್ತು. 1852ರಲ್ಲಿ, ಅವಳಿಗೆ ಹದಿನೇಳಾಗಿದ್ದಾಗ, ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟ ಕುಟುಂಬ ಅವಳದು. ತಾಯಿ ದಾರಿಯಲ್ಲೇ ತೀರಿಕೊಂಡಳು. ಮದುವೆಯಾಗಿ ಜಮೀನು ಮಾಡಿದಳು. ಗಂಡ ಸ್ನೇಹಿತನೊಬ್ಬನ ಸಾಲಕ್ಕೆ ಜಾಮೀನು ರುಜು ಹಾಕಿದ, ಸಾಲ ತೀರಲಿಲ್ಲ, ಜಮೀನು ಹೋಯಿತು. ಆ ರುಜುವಿಗೆ ಅವಳ ಒಪ್ಪಿಗೆ ಬೇಕಿರಲಿಲ್ಲ. ಅದರ ಫಲ ಉಣ್ಣುವಾಗ ಮಾತ್ರ ಅವಳೂ ಬೇಕಾದಳು. ಆಮೇಲೆ ಗಂಡನಿಗೆ ಅಪಘಾತವಾಗಿ ಸಂಸಾರದ ನೊಗ ಅವಳ ಹೆಗಲಿಗೇ ಬಂತು. ಶಾಲೆ ನಡೆಸಿದಳು, ಟೋಪಿ ಅಂಗಡಿ ಇಟ್ಟಳು. 1871ರಲ್ಲಿ 'ದಿ ನ್ಯೂ ನಾರ್ತ್‌ವೆಸ್ಟ್' ಎಂಬ ವಾರಪತ್ರಿಕೆ ತೆಗೆದಳು. ಮರುವರ್ಷ ಪೋರ್ಟ್‌ಲ್ಯಾಂಡಿನಲ್ಲಿ ಮತಗಟ್ಟೆಗೇ ಹೋಗಿ ಚೀಟಿ ಕೊಟ್ಟಳು. ಅಧಿಕಾರಿಗಳು ಅದನ್ನು ಪೆಟ್ಟಿಗೆಯ ಒಳಗೆ ಹಾಕದೆ ಪೆಟ್ಟಿಗೆಯ ಅಡಿಯಲ್ಲಿಟ್ಟರು.

ಆರೆಗನ್ನಿನ ಗಂಡಸರು ಈ ಪ್ರಶ್ನೆಯ ಮೇಲೆ 1884, 1900, 1906, 1908, 1910ರಲ್ಲಿ ಮತ ಹಾಕಿದರು. ಐದು ಸಲವೂ ಬೇಡವೆಂದರು. ಪೋರ್ಟ್‌ಲ್ಯಾಂಡಿನ ಪ್ರಬಲ ದಿನಪತ್ರಿಕೆ 'ಆರೆಗೋನಿಯನ್' ಸದಾ ಎದುರು ಬರೆಯುತ್ತಿತ್ತು. ಅದರ ಸಂಪಾದಕ ಹಾರ್ವಿ ಸ್ಕಾಟ್, ಅವಳ ಒಡಹುಟ್ಟಿದ ತಮ್ಮ! 1912ರಲ್ಲಿ, ಆರನೆಯ ಸಲ, ಗೆಲುವಾಯಿತು. ಆಗ ಅವಳಿಗೆ 78. ಗವರ್ನರ್ ಆಸ್ವಾಲ್ಡ್ ವೆಸ್ಟ್ ಘೋಷಣೆಯನ್ನು ಅವಳ ಕೈಯಲ್ಲೇ ಬರೆಸಿ, ತನ್ನ ರುಜುವಿನ ಜೊತೆ ಅವಳ ರುಜುವನ್ನೂ ಹಾಕಿಸಿದ. ಯೂರೆನ್ ತೆರೆದ ದಾರಿ ಇಲ್ಲದಿದ್ದರೆ ಈ ಪ್ರಶ್ನೆ ಎರಡು ವರ್ಷಕ್ಕೊಮ್ಮೆ ಹೀಗೆ ಮತಪತ್ರಕ್ಕೆ ಬರುತ್ತಿರಲಿಲ್ಲ ಎಂಬುದು ನಿಜ. ಆದರೆ ಸೋತಮೇಲೂ ಮತ್ತೆ ಸಹಿ ಪುಸ್ತಕ ಹಿಡಿದು ಮನೆಮನೆ ತಿರುಗಿದವರು ಹೆಂಗಸರು.

ಅದೇ ದಾರಿಯಲ್ಲಿ ಕೆಟ್ಟದ್ದೂ ಬಂತು. 1922ರಲ್ಲಿ ಕು ಕ್ಲಕ್ಸ್ ಕ್ಲಾನ್ ಬೆಂಬಲಿಸಿದ ಪ್ರಸ್ತಾವವೊಂದಕ್ಕೆ ಜನ ಹೂಂ ಎಂದರು: ಮಕ್ಕಳೆಲ್ಲ ಸರ್ಕಾರಿ ಶಾಲೆಗೇ ಹೋಗತಕ್ಕದ್ದು. ಸರ್ಕಾರಿ ಶಾಲೆಯಲ್ಲಿ ದುಡಿದ ನನಗೆ ಕಿವಿಗೆ ಇಂಪಾಗಿಯೇ ಕೇಳಿಸಬೇಕಾದ ಮಾತು. ಆದರೆ ಅದರ ಗುರಿ ಇದ್ದದ್ದು ಕ್ಯಾಥೊಲಿಕ್ ಶಾಲೆಗಳನ್ನು ಮುಚ್ಚಿಸುವುದರ ಮೇಲೆ. 1925ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು.

ನಮ್ಮವರ ಸುದ್ದಿಯೂ ಈ ಕಾಲದ್ದೇ. ಕೊಲಂಬಿಯಾ ನದಿ ಸಮುದ್ರ ಸೇರುವಲ್ಲಿರುವ ಆಸ್ಟೋರಿಯಾ ಊರಿನ ಮರದ ಮಿಲ್ಲುಗಳಲ್ಲಿ ಪಂಜಾಬಿಗಳು ಕೆಲಸಕ್ಕಿದ್ದರು. ಭಾರತದ ಸ್ವಾತಂತ್ರ್ಯಕ್ಕೆ ಹೋರಾಡಿದ ಗದರ್ ಪಕ್ಷ ಹುಟ್ಟಿದ್ದು ಅಲ್ಲಿ, 1913ರಲ್ಲಿ. ಅಂಥ ಮಿಲ್ಲುಗಳಲ್ಲಿ ದುಡಿದು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೂ ಸೇರಿದ್ದ ಭಗತ್ ಸಿಂಗ್ ಥಿಂಡ್ ಎಂಬವರಿಗೆ 1920ರಲ್ಲಿ ಪೋರ್ಟ್‌ಲ್ಯಾಂಡಿನ ನ್ಯಾಯಾಧೀಶರು ಪೌರತ್ವ ಕೊಟ್ಟರು. 1923ರಲ್ಲಿ ಸುಪ್ರೀಂ ಕೋರ್ಟು, ಭಾರತೀಯರು ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ ಎಂದು ಹೇಳಿ ಅದನ್ನು ಕಸಿದುಕೊಂಡಿತು. ಭಾರತದಿಂದ ಬಂದವರು ಪೌರರಾಗಿ ಮತ ಹಾಕುವ ಹಾದಿ ಮತ್ತೆ ತೆರೆದದ್ದು 1946ರಲ್ಲಿ. ಹುಟ್ಟಾ ಅಮೆರಿಕನ್ನರಂತೆ ನನ್ನ ಮಗಳು ಮೇಜಿನ ಮೇಲೆ ಮತಪತ್ರ ಹರಡಿಕೊಂಡು ಕೂತಾಗ ನನಗೆ ನೆನಪಾಗುವವರು ಥಿಂಡ್.

ಜನ ನೇರವಾಗಿ ಹಾಕಿದ ಮತದ ಗುರುತು ದಿನದ ವ್ಯವಹಾರದಲ್ಲೂ ಕಾಣುತ್ತದೆ: ಆರೆಗನ್ನಿನ ಅಂಗಡಿಯ ಬಿಲ್ಲಿನಲ್ಲಿ ಮಾರಾಟ ತೆರಿಗೆ ಇರುವುದಿಲ್ಲ. ಸರ್ಕಾರ ಕೇಳಿಲ್ಲವೆಂದಲ್ಲ; 1933ರಿಂದ 1993ರವರೆಗೆ ಒಂಬತ್ತು ಸಲ ಜನರ ಮುಂದೆ ಬಂದು ಒಂಬತ್ತು ಸಲವೂ ಬಿದ್ದುಹೋಗಿದೆ. ಪೆಟ್ರೋಲನ್ನು ನಾವೇ ಹಾಕಿಕೊಳ್ಳಬಹುದೇ ಎಂದು 1982ರಲ್ಲಿ ಕೇಳಿದರು. ಕೂಡದು, ಬಂಕಿನವನೇ ಹಾಕಲಿ ಎಂದರು ಜನ. ಆ ನಿಷೇಧ ರಾಜ್ಯಕ್ಕೆಲ್ಲ ಸಡಿಲವಾದದ್ದು 2023ರಲ್ಲಿ.

1984ರಲ್ಲಿ ನಮ್ಮ ಸ್ಟಾಫ್ ರೂಮಿನಲ್ಲಿ ಆರೆಗನ್ ಎಂಬ ಹೆಸರು ಕೇಳಿಬಂದದ್ದು ರಜನೀಶರ ರೋಲ್ಸ್ ರಾಯ್ಸ್ ಕಾರುಗಳಿಂದ. ಅಲ್ಲಿ ಒಂದು ಕೌಂಟಿ ಚುನಾವಣೆಗೆ ಏನು ನಡೆಯಿತು ಎಂಬುದು ನನಗೆ ತಿಳಿದದ್ದು ಇಲ್ಲಿ ಮಗಳ ಮನೆಗೆ ಬಂದಮೇಲೆ. 1981ರಲ್ಲಿ ಪುಣೆಯಿಂದ ಎದ್ದ ಆಶ್ರಮ ರಾಜ್ಯದ ಒಣ ನಡುನಾಡಿನಲ್ಲಿ 64,000 ಎಕರೆಯ ರ‍್ಯಾಂಚ್ ಕೊಂಡಿತು. ಪಕ್ಕದಲ್ಲಿ ಆಂಟೆಲೋಪ್ ಎಂಬ ಊರು. ನಾಲ್ಕಾರು ಬೀದಿ, ಐವತ್ತರ ಆಸುಪಾಸಿನ ಜನ, ಹೆಚ್ಚಿನವರು ವಯಸ್ಸಾದವರು. ಸನ್ಯಾಸಿಗಳು ಅಲ್ಲಿ ಮನೆ ಕೊಂಡು ಮತದಾರರಾದರು. ಹಳಬರು ಊರಸಭೆಯನ್ನೇ ಕಾನೂನುಬದ್ಧವಾಗಿ ರದ್ದುಮಾಡಿಬಿಡೋಣ ಎಂದು ಹೊರಟು ಆ ಮತದಲ್ಲೂ ಸೋತರು. ಊರಸಭೆ ಹೊಸಬರ ಕೈಗೆ ಹೋಗಿ ಊರಿನ ಹೆಸರು ರಜನೀಶ್ ಎಂದಾಯಿತು.

ಮುಂದಿನ ಕಣ್ಣು ವಾಸ್ಕೋ ಕೌಂಟಿಯ ಕಮಿಷನರ್ ಸ್ಥಾನಗಳ ಮೇಲೆ. ಆಗ ಆರೆಗನ್ನಿನಲ್ಲಿ ಮತದಾನದ ದಿನವೇ ಹೆಸರು ಸೇರಿಸಿ ಮತ ಹಾಕಬಹುದಿತ್ತು. ಆಶ್ರಮದವರು ದೇಶದ ನಗರಗಳಿಂದ ಸಾವಿರಾರು ಮನೆಯಿಲ್ಲದ ಜನರನ್ನು ಬಸ್ಸುಗಳಲ್ಲಿ ಕರೆತಂದು ಅನ್ನ, ಹಾಸಿಗೆ ಕೊಟ್ಟರು. 1984ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕೌಂಟಿಯ ಮುಖ್ಯ ಊರಾದ ದ ಡ್ಯಾಲ್ಸ್‌ನ ಹತ್ತು ಹೋಟೆಲುಗಳಲ್ಲಿ ಉಂಡ 751 ಜನ ವಾಂತಿಭೇದಿಗೆ ಬಿದ್ದರು. ಸಲಾಡಿನ ತಟ್ಟೆಗಳಿಗೆ ಸಾಲ್ಮೊನೆಲ್ಲಾ ರೋಗಾಣು ಬೆರೆಸಿದವರು ರಜನೀಶರ ಕಾರ್ಯದರ್ಶಿ ಶೀಲಾ ಅವರ ಗುಂಪಿನವರು ಎಂದು ಮರುವರ್ಷ ಬಯಲಾಯಿತು. ಮತದಾನದ ದಿನ ಊರಿನವರು ಹಾಸಿಗೆಯಲ್ಲಿದ್ದರೆ ತಮ್ಮವರು ಗೆಲ್ಲುತ್ತಾರೆ ಎಂಬ ಲೆಕ್ಕ. ಇದು ಅದರ ತಾಲೀಮು. ರಾಜ್ಯ ಕಾರ್ಯದರ್ಶಿ ನಾರ್ಮಾ ಪೌಲಸ್ ಆ ಕೌಂಟಿಯಲ್ಲಿ ಹೊಸ ಹೆಸರು ಸೇರ್ಪಡೆಯನ್ನು ತಡೆದು, ಒಬ್ಬೊಬ್ಬರ ವಾಸಸ್ಥಳವನ್ನೂ ವಿಚಾರಣೆಗೆ ಒಳಪಡಿಸಿದರು. ಆಟ ಕೆಟ್ಟಿತು. ಕರೆತಂದ ಬಡವರನ್ನು ಸುತ್ತಲಿನ ಊರುಗಳಲ್ಲಿ ಇಳಿಸಿ ಕೈತೊಳೆದುಕೊಂಡರು. ಆ ಜನರ ಬಗ್ಗೆ ಇಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ. 1986ರಲ್ಲಿ ಆರೆಗನ್ನಿನ ಜನ ಮತದಾನದ ದಿನದ ನೋಂದಣಿಯನ್ನು ತೆಗೆದುಹಾಕಿದರು. ಮತದಾನಕ್ಕೆ ಸುಮಾರು ಮೂರು ವಾರ ಮುಂಚೆಯೇ ಹೆಸರು ಇರಬೇಕೆಂಬ ಇಂದಿನ ನಿಯಮ ಅಲ್ಲಿಂದ ಬಂತು.

ಈಗ ಇಲ್ಲಿಯ ಪದ್ಧತಿಯಾಗಿರುವ ಅಂಚೆಯ ಮತ ಶುರುವಾದದ್ದು ಇಷ್ಟು ಗದ್ದಲವಿಲ್ಲದೆ. ಶಾಲಾ ಮಂಡಳಿ, ನೀರಿನ ಮಂಡಳಿ, ಅಗ್ನಿಶಾಮಕ ಮಂಡಳಿ, ಮಣ್ಣು ಸಂರಕ್ಷಣಾ ಮಂಡಳಿ ಎಲ್ಲಕ್ಕೂ ಇಲ್ಲಿ ಚುನಾವಣೆ. ನ್ಯಾಯಾಧೀಶರನ್ನೂ ಜನರೇ ಆರಿಸಬೇಕು. ಇಂಥ ಸಣ್ಣ ಚುನಾವಣೆಗಳಿಗೆ ಮತಗಟ್ಟೆ ತೆರೆದು ಸಿಬ್ಬಂದಿ ಕೂರಿಸಿದರೆ ಬರುವವರು ಬೆರಳೆಣಿಕೆ. ಲಿನ್ ಕೌಂಟಿಯ ಗುಮಾಸ್ತ ಡೆಲ್ ರೈಲಿ ಮತಪತ್ರವನ್ನೇ ಮನೆಗೆ ಕಳುಹಿಸಿದರಾಗದೇ ಎಂದರು. 1981ರಲ್ಲಿ ಶಾಸನಸಭೆ ಪರೀಕ್ಷೆಗೆಂದು ಒಪ್ಪಿತು; 1987ರಲ್ಲಿ ಸ್ಥಳೀಯ ಚುನಾವಣೆಗಳಿಗೆ ಕಾಯಂ ಆಯಿತು. 1995ರಲ್ಲಿ ಎಲ್ಲ ಚುನಾವಣೆಗೂ ವಿಸ್ತರಿಸಲು ಹೊರಟಾಗ ಗವರ್ನರ್ ಜಾನ್ ಕಿಟ್ಸ್‌ಹಾಬರ್ ತಡೆದರು. ಅದೇ ವರ್ಷ ಸೆನೆಟರ್ ಬಾಬ್ ಪ್ಯಾಕ್‌ವುಡ್ ರಾಜೀನಾಮೆ ಕೊಟ್ಟು ಉಪಚುನಾವಣೆ ಬಂತು. 1996ರ ಜನವರಿಯಲ್ಲಿ ರಾನ್ ವೈಡನ್ ಪೂರಾ ಅಂಚೆಯ ಮತದಲ್ಲಿ ಸೆನೆಟ್ಟಿಗೆ ಗೆದ್ದರು. 1998ರಲ್ಲಿ ಲೀಗ್ ಆಫ್ ವಿಮೆನ್ ವೋಟರ್ಸ್ ಮುಂದೆ ನಿಂತು ಸಹಿ ಕೂಡಿಸಿ ಪ್ರಶ್ನೆಯನ್ನು ಜನರಿಗೇ ಒಯ್ದಿತು: ಪರ 757,204, ವಿರುದ್ಧ 334,021. ಯೂರೆನ್‌ನ ಅಸ್ತ್ರ ಮತಗಟ್ಟೆಯನ್ನೇ ಇಲ್ಲವಾಗಿಸಿತು.

ನನ್ನ ರಟ್ಟಿನ ಮರೆಯ ಗತಿಯೇನು? ಲಕೋಟೆಯೊಳಗೆ ಮತಪತ್ರವನ್ನು ಮುಚ್ಚಲು ಒಂದು ಕಾಗದದ ಹೊದಿಕೆ ಬರುತ್ತದೆ, ಅಷ್ಟೇ. ಉಳಿದದ್ದು ಮನೆಯವರಿಗೆ ಬಿಟ್ಟದ್ದು. ಗಂಡ ಹೆಂಡತಿಯ ಮತಪತ್ರವನ್ನು ಎಳೆದುಕೊಂಡರೆ ತಡೆಯಲು ಅಲ್ಲಿ ಯಾವ ಮೇಡಂ ಇದ್ದಾಳೆ? ಈ ಅಳುಕು ನನಗೆ ಇನ್ನೂ ಹೋಗಿಲ್ಲ. ಬೆದರಿಸುವುದು ಅಪರಾಧವೆಂದು ಕಾನೂನಿದೆ ಎನ್ನುತ್ತಾರೆ. ನಮ್ಮಲ್ಲೂ ಇದೆ.

ಆದರೆ ಮಗಳ ಮನೆಯಲ್ಲಿ ಕಂಡ ಇನ್ನೊಂದನ್ನೂ ಹೇಳಬೇಕು. ಮತಪತ್ರದ ಜೊತೆಗೆ ರಾಜ್ಯ ಸರ್ಕಾರ ಮನೆಮನೆಗೆ ದಪ್ಪನೆಯ ಪುಸ್ತಕ ಕಳುಹಿಸುತ್ತದೆ. ಪ್ರತಿ ಪ್ರಸ್ತಾವದ ಪಠ್ಯ, ಖರ್ಚಿನ ಅಂದಾಜು, ದುಡ್ಡು ಕಟ್ಟಿ ಅಥವಾ ಸಹಿ ಕೂಡಿಸಿ ಯಾರು ಬೇಕಾದರೂ ಹಾಕಿಸಬಹುದಾದ ಪರ-ವಿರೋಧ ವಾದಗಳು. 2000ದಲ್ಲಿ 26 ಪ್ರಸ್ತಾವಗಳಿದ್ದು ಅದನ್ನು ಎರಡು ಸಂಪುಟ ಮಾಡಬೇಕಾಯಿತಂತೆ. ಅಳಿಯ ಅದನ್ನು ಓದುತ್ತಾ, "ಅತ್ತೆ, ಈ ಗ್ರಂಥಾಲಯದ ತೆರಿಗೆಗೆ ಹೂಂ ಅಂದ್ರೆ ನಮ್ಮನೆ ಮೇಲೆ ವರ್ಷಕ್ಕೆ ಎಷ್ಟು ಬೀಳುತ್ತೆ ನೋಡಿ" ಎನ್ನುತ್ತಾನೆ. ಮಗಳು, "ಅಮ್ಮನ್ನ ಎಳೀಬೇಡಿ, ಅಮ್ಮ ವಾರಕ್ಕೆರಡು ಸಲ ಅಲ್ಲಿಗೇ ಹೋಗೋದು" ಎನ್ನುತ್ತಾಳೆ. ಮಣ್ಣು ಸಂರಕ್ಷಣಾ ಮಂಡಳಿಗೆ ನಿಂತವನ ಹಿನ್ನೆಲೆಯ ಮೇಲೆ ಅರ್ಧ ಗಂಟೆ ಜಗಳವಾಗುತ್ತದೆ. ಮರೆಯೊಳಗೆ ಅರೆನಿಮಿಷ ನಿಂತು ಬರುವವರನ್ನೇ ನೋಡಿದ ನಾನು ಇಷ್ಟು ಓದಿ ಮತ ಹಾಕುವುದನ್ನು ಕಂಡಿರಲಿಲ್ಲ. ಕೊನೆಗೆ ಇಬ್ಬರೂ ಬೇರೆಬೇರೆ ಗುರುತು ಹಾಕಿ, ಬೇರೆಬೇರೆ ಲಕೋಟೆ ಅಂಟಿಸುತ್ತಾರೆ.

ಆ ಲಕೋಟೆಯ ಹೊರಗೆ ಮತದಾರರೇ ರುಜು ಹಾಕಬೇಕು. ಕೌಂಟಿ ಕಚೇರಿಯವರು ಪ್ರತಿಯೊಂದು ರುಜುವನ್ನೂ ನೋಂದಣಿಯಲ್ಲಿರುವ ರುಜುವಿನ ಪಕ್ಕಕ್ಕಿಟ್ಟು ನೋಡುತ್ತಾರೆ. ಮತಪತ್ರ ಯಾರದೆಂದು ಪತ್ತೆಹಚ್ಚುವುದು ಲಕೋಟೆಯಿಂದಲೇ. 2024ರ ಅಕ್ಟೋಬರಿನಲ್ಲಿ ಪೋರ್ಟ್‌ಲ್ಯಾಂಡಿನ ಒಂದು ಮತಪೆಟ್ಟಿಗೆಗೆ ಯಾರೋ ಬೆಂಕಿಯಿಟ್ಟಾಗ ಹಾಳಾದ ಮೂರೇ ಮತಪತ್ರಗಳ ಒಡೆಯರನ್ನು ಲಕೋಟೆಯ ಗುರುತಿನಿಂದ ಹುಡುಕಿ ಹೊಸದು ಕೊಡಲು ಮುಂದಾದರು.

ನಮ್ಮ ಪರಿಚಯದ ಹಿರಿಯರೊಬ್ಬರು, ಮಗನ ಜೊತೆ ನೆಲೆಸಿ ಇಲ್ಲಿಯ ಪೌರರಾದವರು, ನೋಂದಣಿಯಲ್ಲೂ ಲಕೋಟೆಯಲ್ಲೂ ಕನ್ನಡದಲ್ಲೇ ರುಜು ಹಾಕುತ್ತಾರೆ. ಕಳೆದ ಸಲ ಕೈನಡುಕಕ್ಕೆ ಒತ್ತು, ಕೊಂಬು ಎಲ್ಲ ಎಲ್ಲೆಲ್ಲೋ ಹೋಗಿ, ರುಜು ತಾಳೆಯಾಗುತ್ತಿಲ್ಲ ಎಂದು ಕಚೇರಿಯಿಂದ ಪತ್ರ ಬಂತು. ಅದನ್ನು ಸರಿಪಡಿಸಲು ಮತದಾನ ಮುಗಿದಮೇಲೂ ಕೆಲವು ದಿನ ಅವಕಾಶವಿದೆ. ಮಗ ಫಾರಂ ತುಂಬಿ, "ಅಮ್ಮಾ, ಕೊಡು, ನಾನೇ ಹಾಕಿ ಕಳಿಸ್ತೀನಿ" ಎಂದನಂತೆ. "ನಿಂಗ್ಯಾಕೋ ನನ್ನ ರುಜು?" ಎಂದು ಅವನ ಕೈಯಿಂದ ಪೆನ್ನು ಕಿತ್ತುಕೊಂಡೆ ಎಂದು ಅವರು ಫೋನಿನಲ್ಲಿ ನನಗೆ ಹೇಳಿದರು. ಗ್ರಂಥಾಲಯದ ತೆರಿಗೆಗೆ ಅವರು ಏನೆಂದು ಹಾಕಿದ್ದರು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.